ಗದ್ದದ ಕೆಳಗಿನ ಅಂಗೈ

ಗದ್ದದ ಕೆಳಗೆ ಅಂಗೈ ಇಟ್ಟುಕೊಂಡು ಇಂಗ್ಲಿಷ್ ಪದ ಹೇಳಬೇಕು. ಗದ್ದ ಎಷ್ಟು ಸಲ ಕೈಗೆ ತಾಗಿತೋ ಪದಕ್ಕೆ ಅಷ್ಟು ತುಂಡು. ಆಮೇಲೆ ಹೆಬ್ಬೆರಳುಗಳ ನಡುವೆ ರಬ್ಬರ್‌ಬ್ಯಾಂಡ್ ಹಿಡಿದು, ಒತ್ತಿ ಹೇಳುವ ತುಂಡು ಬಂದಾಗ ಜಗ್ಗಬೇಕು. ಚನ್ನಗಿರಿಯ ತನ್ನ ಅಡುಗೆಮನೆಯಲ್ಲಿ ಓಣಿಯ ಮಕ್ಕಳಿಗೆ ಹೇಳಿಕೊಡುತ್ತಾ ಇದನ್ನು ಹೊಂದಿಸಿದವಳು ಇಂಗ್ಲಿಷ್ ಎಂ.ಎ. ಮಾಡಿದ ಶಿವಲೀಲಾ. ಹೆಸರು ಮಾಡಿದವನು ಮಾತ್ರ ಅವಳ ಗಂಡ ಪ್ರವೀಣ್ ಕುಮಾರ್. ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಬೋರ್ಡಿನ ಮೇಲೆ ‘ಪ್ರವೀಣ್ ಸರ್ ವಿಧಾನ’ ಎಂದು ಬರೆಸುವಾಗ ಆ ಮಹಾಶಯನ ಹತ್ತಿರ ನಾಚಿಕೆ ಎಂಬುದು ಸುಳಿಯಲೂ ಇಲ್ಲ.

ಹೊನ್ನಾಳಿಯಲ್ಲೂ ಕ್ಲಾಸು ಎದ್ದಿತು. ನ್ಯಾಮತಿಯಲ್ಲಿ ಇನ್ನೊಂದು ಎಂದಾಗ ಶಿವಲೀಲಾ ಬಾಯಿಬಿಟ್ಟು ಕೇಳಿದಳು.

“ರೀ, ಅದನ್ನ ನಾನು ನೋಡ್ಕೋತೀನಿ. ಕ್ಲಾಸಿನ ಮುಂದೆ ನಿಂತು ಹೇಳಾಕೆ ನಂಗೂ ಆಸೆ ಐತೆ.”

“ನಿನ್ನ ಜಗಳೂರು ನಾಲಿಗೆ ಕೇಳಿದ್ರೆ ಪೇರೆಂಟ್ಸ್ ನಗ್ತಾರೆ. ಸುಮ್ನಿರು,” ಎಂದ ಪ್ರವೀಣ್.

ಆದರೂ ನ್ಯಾಮತಿ ಕ್ಲಾಸಿನ ಉದ್ಘಾಟನೆಯ ದಿನ ಶಿವಲೀಲಾ ರೇಷ್ಮೆ ಸೀರೆ ಉಟ್ಟು, ಬಂದವರಿಗೆ ಶರಬತ್ತು ಹಂಚಿದಳು.

ಪ್ರವೀಣ್ ಮೈಕು ಹಿಡಿದು ‘ಯೂನಿವರ್ಸಿಟಿ’ ಎಂದ. ರಬ್ಬರ್‌ಬ್ಯಾಂಡನ್ನು ‘ಯೂ’ಗೇ ಜಗ್ಗಿದ. ಮುಂದಿನ ಸಾಲಿನಲ್ಲಿ ಮಗಳ ಜೊತೆ ಕೂತಿದ್ದ ಪ್ರೇಮಮ್ಮ ತನ್ನ ಫೋನಿನಲ್ಲಿ ಅದೇ ಪದ ಹಾಕಿ ಕೇಳಿಸಿದಳು.

“ಸರ್, ಇದು ನಡುವೆ ಒತ್ತಿ ಹೇಳ್ತೈತಲ್ರೀ?”

ಜನ ಕಿಸಕ್ಕನೆ ನಕ್ಕರು. ಪೆಚ್ಚಾದ ಪ್ರವೀಣ್ ಹೆಂಡತಿಯತ್ತ ನೋಡಿದ.

ಅಯ್ಯೋ, ಕರಗಿಯೇಬಿಟ್ಟಳು ಹುಚ್ಚಿ! ಈಗಲಾದರೂ ನಾಲ್ಕು ಜನರೆದುರು ನಿಜ ಹೇಳಿಯಾನು ಎಂಬ ಆಸೆ ಬೇರೆ. ತಟ್ಟೆ ಕೆಳಗಿಟ್ಟು ಮುಂದೆ ಬಂದು, ಗದ್ದದ ಕೆಳಗೆ ಅಂಗೈ ಹಿಡಿದಳು.

“ಯೂ, ನಿ, ವರ್, ಸಿ, ಟಿ. ಐದು ತುಂಡು. ಒತ್ತು ಬೀಳೋದು ‘ವರ್’ ಮ್ಯಾಲೆ.”

ಮಕ್ಕಳೆಲ್ಲ ಗದ್ದಕ್ಕೆ ಕೈ ಹಚ್ಚಿ ಅವಳ ಹಿಂದೆಯೇ ಹೇಳಿದರು. ಅವಳ ಕಣ್ಣು ತುಂಬಿ ಬಂತು.

“ಬೇಕಂತಲೇ ತಪ್ಪು ಹೇಳಿದ್ದೆ ಕಣ್ರೀ!” ಪ್ರವೀಣ್ ಮೈಕಿನಲ್ಲಿ ಕೂಗಿದ. “ಇವರು ನಮ್ಮ ಮನೆಯೋರು. ಜಗಳೂರು ಕಡೆಯೋರು. ಮದುವೆಯಾದಾಗ ಎಬಿಸಿಡಿನೂ ಬರ್ತಿರಲಿಲ್ಲ. ನನ್ನ ವಿಧಾನದಾಗೆ ಹೆಂಗೆ ಕಲ್ತಾರೆ ನೋಡ್ರಿ!”

ಚಪ್ಪಾಳೆಯೋ ಚಪ್ಪಾಳೆ. ಪ್ರೇಮಮ್ಮ ಅವಳ ಕೈ ಹಿಡಿದು, “ಪುಣ್ಯ ಮಾಡಿದ್ದೆ ಕಣವ್ವ, ಎಂಥಾ ಗಂಡ ಸಿಕ್ಕಾನೆ!” ಎಂದಳು.

ಶಿವಲೀಲಾಳ ಆಸೆ ಹೀಗೆ ಈಡೇರಿತು. ಈಗ ಪ್ರತಿ ಊರಿನ ಕ್ಲಾಸಿಗೂ ಪ್ರವೀಣ್ ಅವಳನ್ನು ಕರೆದೊಯ್ದು ಎಲ್ಲರ ಮುಂದೆ ನಿಲ್ಲಿಸುತ್ತಾನೆ. ಜಗಳೂರಿನಲ್ಲಿ ಕ್ಲಾಸು ತೆರೆದ ದಿನ, ಅವಳನ್ನು ಎಂ.ಎ. ತನಕ ಓದಿಸಿದ ಅಪ್ಪ ತಿಪ್ಪೇರುದ್ರಸ್ವಾಮಿ ಮುಂದಿನ ಕುರ್ಚಿಯಲ್ಲೇ ಕೂತಿದ್ದರು.

“ಎಬಿಸಿಡಿನೂ ಬರ್ತಿರಲಿಲ್ಲ!” ಎಂದ ಪ್ರವೀಣ್.

ಅಪ್ಪ ಒಮ್ಮೆ ಮಗಳ ಮುಖ ನೋಡಿದರು. ಆಮೇಲೆ ಅಳಿಯನ ಮಾನ ಕಾಯಲು, ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು.