ಬಾವಿಯಿಂದ ಎಪ್ಪತ್ತೆರಡು ಹೆಜ್ಜೆ

ಮಷಿನ್ನಿಗಿಂತ ನಕಾಶೆ ದೊಡ್ಡದು. ಹತ್ತು ವರ್ಷದಿಂದ ಬಾಯಿ ಬಡಕೊಳ್ಳುತ್ತಿದ್ದೇನೆ, ಯಾರೂ ಕೇಳುವುದಿಲ್ಲ. ನೆಲದಡಿಯ ಕಬ್ಬಿಣ ಪತ್ತೆ ಮಾಡುವ ಮಷಿನ್ ನನ್ನ ಹತ್ತಿರ ಇದೆ. ಔರಾದ ಶಹಾಜನಿಯ ಸುತ್ತಮುತ್ತ ಹೂತುಹೋದ ನೀರಿನ ಪೈಪು, ವಾಲ್ವು ಹುಡುಕಿಕೊಡುವುದು ನನ್ನ ಹೊಟ್ಟೆಪಾಡು. ಅದನ್ನು ಹಿಡಿದು ಹೊಲಕ್ಕೆ ಇಳಿದರೆ ಸಾಕು, "ಕಲ್ಯಾಣಪ್ಪ, ಬಂಗಾರ ಸಿಗ್ತದೇನು?" ಅನ್ನುತ್ತ ಹತ್ತು ಮಂದಿ ಬೆನ್ನು ಹತ್ತುತ್ತಾರೆ. ಎಲ್ಲಿಯ ಬಂಗಾರ! ರವಿವಾರ ನಾನು ಹಳೇ ಸರ್ವೆ ನಕಾಶೆ ಬಿಚ್ಚಿಕೊಂಡು ಕೂರುತ್ತೇನೆ. ಇವತ್ತು ಇಲ್ಲದ ಬಂಡಿದಾರಿ, ಸಂತೆ ಕೂಡುತ್ತಿದ್ದ ತೋಪು, ಹಳ್ಳ ದಾಟುತ್ತಿದ್ದ ಜಾಗ ಎಲ್ಲ ಅದರಲ್ಲಿ ಇರುತ್ತವೆ. ಜನ ಕೂತು ಎದ್ದ ಕಡೆ ಏನಾದರೂ ಬಿದ್ದೇ ಇರುತ್ತದೆ. ನನಗೆ ಸಿಕ್ಕಿದ್ದೆಲ್ಲ ಎತ್ತಿನ ಲಾಳ, ಬಂಡಿಯ ಕಡಾಣಿ. ಒಮ್ಮೆ ಸಿಕ್ಕ ನಾಲ್ಕು ಬೆಳ್ಳಿ ನಾಣ್ಯವನ್ನು ಕಾಯ್ದೆಯ ಪ್ರಕಾರ ತಹಶೀಲಿಗೆ ಒಪ್ಪಿಸಿ ಬಂದಿದ್ದಕ್ಕೆ ಹೆಂಡತಿ ಇವತ್ತಿಗೂ ಬೈಯುತ್ತಾಳೆ.

ನನ್ನದೊಂದು ನೇಮವಿತ್ತು. ತೊಂಬತ್ತಮೂರರ ಭೂಕಂಪದಲ್ಲಿ ಬಿದ್ದ ಊರುಗಳ ಜಾಗಕ್ಕೆ ಮಾತ್ರ ಕಾಲಿಡುವುದಿಲ್ಲ. ಅಲ್ಲಿ ಸಿಗುವುದೆಲ್ಲ ಯಾರದೋ ಮನೆಯದು.

ಆ ನೇಮ ಮುರಿದದ್ದು ಗುಂಡಮ್ಮ. ಬೀರಪ್ಪ ದೇವರ ಒಕ್ಕಲಿನ, ಕುರಿ ಸಾಕುವ ಮನೆತನದ ಹೆಂಗಸು, ಎಪ್ಪತ್ತರ ಹತ್ತಿರದ ವಯಸ್ಸು. ಹೋದ ರವಿವಾರ ಬೆಳಿಗ್ಗೆ ಏಳಕ್ಕೇ ಮೈದುನನ ಮಗ ಮಲ್ಲಣ್ಣನ ಮೋಟರ್ ಸೈಕಲ್ಲಿನಲ್ಲಿ ನಮ್ಮ ಮನೆ ಮುಂದೆ ಬಂದು ಇಳಿದಳು. ಸೊಂಟದ ಮೇಲೆ ಕಂಬಳಿ ಸುತ್ತಿದ ಒಂದು ತಾಮ್ರದ ಕೊಡ. ಈ ಮುದುಕಿ ಖಾಲಿ ಕೊಡ ಹೊತ್ತುಕೊಂಡು ಯಾಕೆ ಊರೂರು ತಿರುಗುತ್ತಾಳೋ ಅಂದುಕೊಂಡೆ.

"ತಮ್ಮಾ, ಜುನಾ ಗಾಂವದಾಗ ನನ್ನ ಮನಿ ಎಲ್ಲಿತ್ತು ಅಂತ ತೋರಸಬೇಕು." ಜುನಾ ಗಾಂವ ಅಂದರೆ ಭೂಕಂಪದಲ್ಲಿ ಬಿದ್ದ ಹಳೇ ಊರು.

"ಅವ್ವಾ, ಬಿದ್ದ ಊರಿಗಿ ನಾ ಹೋಗಂಗಿಲ್ಲ. ಬ್ಯಾರೆ ಯಾರಿಗರೆ ಕೇಳ್ರಿ."

"ಬ್ಯಾರೆಯವರ ಬಲ್ಲಿ ನಕಾಶಾ ಇಲ್ಲಂತ."

"ನಂಗ ಕೆಲಸ ಅದರೀ."

"ಮಾಡ್ಕೊ. ನಾ ಕೂಡ್ತೀನಿ."

ಕೂತಳು. ನಾನು ಚಹಾ ಕುಡಿದೆ, ಸ್ನಾನ ಮಾಡಿದೆ, ಸುಮ್ಮನೆ ಮಷಿನ್ನಿನ ಬ್ಯಾಟರಿ ತೆಗೆದು ಹಾಕಿದೆ. ಹತ್ತು ಗಂಟೆಗೆ ಹೊರಗೆ ಬಂದರೆ ಬಿಸಿಲು ಕಟ್ಟೆಗೆ ಬಂದಿತ್ತು, ಅವಳು ಒಂದು ಮೊಳವೂ ಸರಿದಿರಲಿಲ್ಲ. ನನಗೆ ನಾಚಿಕೆಯಾಯಿತು. ಏನು ಹುಡುಕಬೇಕು ಅಂತ ಕೇಳಿದೆ.

"ಕತ್ರಿ" ಅಂದಳು. ಕುರಿಯ ಉಣ್ಣೆ ಕತ್ತರಿಸುವ ಕಬ್ಬಿಣದ ಕತ್ತರಿ. ಅವರ ಮನೆತನದಲ್ಲಿ ಕೂಸು ಹುಟ್ಟಿದಾಗ ಹೊಕ್ಕುಳಬಳ್ಳಿ ಕೊಯ್ಯುವುದು ಅದರಿಂದಲೇ. ಆಮೇಲೆ ಆ ಕತ್ತರಿಯನ್ನು ಕುರಿಗೆ ಮುಟ್ಟಿಸುವಂತಿಲ್ಲ. ಮಾಸಿನ ಜೊತೆಗೆ ಹೊಸ್ತಿಲ ಒಳಗೆ, ಬಲಗಡೆ ಹೂಳುತ್ತಾರೆ. ಗುಂಡಮ್ಮನಿಗೆ ಹುಟ್ಟಿದ್ದು ಒಂದೇ ಕೂಸು, ಶೇವಂತಾ. ಅವಳ ಮನೆಯಲ್ಲಿ ಹೂತದ್ದು ಒಂದೇ ಕತ್ತರಿ.

ಭೂಕಂಪದ ರಾತ್ರಿ ಗಂಡ ಹೆಂಡತಿ ದೇವಣಿ ಕಡೆಯ ಒಂದು ಹೊಲದಲ್ಲಿ ಹಿಂಡಿನ ಜೊತೆ ಇದ್ದರು. ಆರು ವರ್ಷದ ಶೇವಂತಾ ಅಜ್ಜಿಯ ಹತ್ತಿರ ಮನೆಯಲ್ಲಿ.

"ಕಲ್ಲಿನ ಬುಡಕ ಮಧ್ಯಾಹ್ನದ ತನಕ ದನಿ ಇತ್ತಂತ. ಅವ್ವಾ ನೀರು, ಅವ್ವಾ ನೀರು ಅಂತ. ಬಾಜೂ ಮನಿಯಾಕಿ ಕೇಳ್ಯಾಳ. ಆಕಿಂದೂ ಕಾಲು ಮುರದಿತ್ತು, ಏನು ಮಾಡ್ಯಾಳು? ನಾವು ಸಂಜಿಗಿ ಮುಟ್ಟಿದಿವಿ. ಅಷ್ಟರಾಗ ಎಲ್ಲಾರಿಗೂ ಕೂಡೇ ಸುಟ್ಟಿದ್ರು."

ಅಳಲಿಲ್ಲ. ಮೂವತ್ತು ವರ್ಷ ಆ ಕಡೆ ಮುಖ ಹಾಕದೆ ಬೀದರ ಸೀಮೆಯಲ್ಲಿ ಕುರಿ ಕಾಯುತ್ತ ಕಳೆದಳಂತೆ. ಈಗ ಆ ಜಾಗವನ್ನು ಸೋಲಾರ್ ಕಂಪನಿಯೊಂದು ಹಿಡಿದಿದೆ. ಮರುದಿನ ಬೆಳಿಗ್ಗೆ ದೊಡ್ಡ ಮಷಿನ್ನುಗಳು ಬಂದು ನೆಲ ಸಪಾಟು ಮಾಡುತ್ತವೆ. ಉಳಿದದ್ದು ಅದೊಂದೇ ದಿನ.

ಒಳಗೆ ಹೋಗಿ ನಕಾಶೆ ತಂದೆ.

ಜುನಾ ಗಾಂವದಲ್ಲಿ ಊರು ಅನ್ನುವುದೇ ಇರಲಿಲ್ಲ. ಕಲ್ಲು ಎತ್ತಿಕೊಂಡು ಹೋಗಿದ್ದರು. ಉಳಿದದ್ದು ಜಾಲಿ ಮತ್ತು ಗುಡ್ಡೆ ಮಣ್ಣು. ಆದರೆ ನನ್ನ ನಕಾಶೆ ಭೂಕಂಪಕ್ಕಿಂತ ಇಪ್ಪತ್ತು ವರ್ಷ ಹಿಂದಿನದು. ಅದರಲ್ಲಿ ಮನೆಗಳು ಕೆಂಪಗೆ ಒತ್ತಾಗಿ ಕೂತಿದ್ದವು, ಪಕ್ಕದಲ್ಲಿ ಬಾವಿಯ ನೀಲಿ ಚುಕ್ಕೆ, ಪಡುವಣಕ್ಕೆ ಬೀರಪ್ಪನ ಗುಡಿಯ ಗುರುತು. ಕದಲದ ವಸ್ತು ಎರಡಿದ್ದವು: ಗುಡ್ಡದ ಮೇಲಿನ ಸರ್ವೆ ಕಲ್ಲು, ಹಳ್ಳದ ಹಳೇ ಸೇತುವೆ. ಎರಡರಿಂದಲೂ ಅಳೆದು ಬಂದು ಜಾಲಿ ಕಡಿಸಿದರೆ ಕಾಲ ಬುಡದಲ್ಲೇ ಬಾವಿಯ ಕಲ್ಲುಬಳೆ! ಮಲ್ಲಣ್ಣ ಬಾಯಿ ತೆರೆದ. ನಾನು ಮೀಸೆ ತಿರುವಿದೆ, ಸುಳ್ಳು ಯಾಕೆ ಹೇಳಲಿ.

"ಬಾವಿಯಿಂದ ಗುಡಿ ಕಡಿ ಮುಖ ಮಾಡಿ ಎಪ್ಪತ್ತೆರಡು ಹೆಜ್ಜಿ. ಬಲಕ್ಕ ನನ್ನ ಹೊಸ್ತಲ" ಅಂದಳು ಗುಂಡಮ್ಮ.

ಎಪ್ಪತ್ತೆರಡು ಎಣಿಸಿದೆ, ಮಷಿನ್ ಹಚ್ಚಿದೆ. ಅದು ಚೀರಿತು. ಅಗೆದರೆ ಬಾಗಿಲಿನ ಬಿಜಾಗರಿ. ಒಂದು ಮೊಳ ಆಚೆ ಮತ್ತೆ ಚೀರಿತು, ಕುಡುಗೋಲು. ಮೊಳೆ, ತಗಡು, ಕೊಟ್ಟಿಗೆಯ ಸರಪಳಿ. ಊರಿಗೆ ಊರೇ ಒಳಗಿತ್ತು. ಬಿದ್ದ ಊರಲ್ಲಿ ಮಷಿನ್ ಎಲ್ಲ ಕಡೆಯೂ ಕೂಗುತ್ತದೆ, ಅಂದರೆ ಏನೂ ಹೇಳುವುದಿಲ್ಲ. ನಾಲ್ಕು ಗಂಟೆಯಾಯಿತು. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

"ದೊಡ್ಡವ್ವಾ, ಮೂವತ್ತು ವರ್ಷ ಆತು. ಲೆಕ್ಕ ಮರತಿರಬೇಕು ನೀ" ಅಂದ ಮಲ್ಲಣ್ಣ.

"ಮರೀಲಿಕ್ಕಿ ಅದೇನು ಸಾಲಿ ಪಾಠ ಏನೋ? ದಿನಾ ಆರು ಸರತಿ ಎಣಿಸೀನಿ." ಗುಂಡಮ್ಮ ಬಾವಿಯ ಕಲ್ಲಿನ ಮೇಲೆ ಕೂತು ನನ್ನ ಕಾಲನ್ನೇ ನೋಡಿದಳು. ಆಮೇಲೆ ಹಣೆ ಚಚ್ಚಿಕೊಂಡಳು. "ನಾ ಖಾಲಿ ಕೈಲೆ ಯಾವಾಗ ಎಣಿಸಿದ್ದೆ? ತಲಿ ಮ್ಯಾಲ ಕೊಡ ಇತ್ತಲ್ಲೋ! ಮಲ್ಲಣ್ಣಾ, ನೀರು ತುಂಬಿಸ್ಕೊಂಡು ಬಾ."

"ಖಾಲಿ ಕೊಡಾನೇ ಹೊರ್ರಿ ಅವ್ವಾ, ಕುತ್ತಿಗಿ ನೋಯ್ತದ" ಅಂದೆ.

"ಖಾಲಿ ಕೊಡಕ್ಕ ಹೆಜ್ಜಿ ಉದ್ದ ಬೀಳ್ತಾವ. ತುಂಬಿದ್ದೇ ಬೇಕು."

ಮಲ್ಲಣ್ಣ ರಸ್ತೆಯ ಹ್ಯಾಂಡ್ ಪಂಪಿನಿಂದ ತುಂಬಿಸಿ ತಂದ. ಇಬ್ಬರೂ ಸೇರಿ ಅವಳ ತಲೆಗೆ ಎತ್ತಿಟ್ಟೆವು. ಮುದುಕಿಯ ಕಾಲು ಒಮ್ಮೆ ನಡುಗಿತು, ಆಮೇಲೆ ನಿಂತಿತು. ಗುಡಿಯಿದ್ದ ಕಡೆಗೆ ಮುಖ ಮಾಡಿ ಹೊರಟಳು. ಗೇಣುಗೇಣು ಹೆಜ್ಜೆ, ಬಾಯಲ್ಲಿ ಎಣಿಕೆ. ಮಧ್ಯೆ ಒಂದು ಕಡೆ, ಇಲ್ಲದ ಯಾವುದೋ ಮನೆಯ ಕಟ್ಟೆಯನ್ನು ತಪ್ಪಿಸಿ ಬಳಸಿ ನಡೆದಳು.

ನಾನು ಅಗೆದಿದ್ದ ಜಾಗಕ್ಕೆ ಹೋಗುವ ದಾರಿಯ ಅರ್ಧಕ್ಕೇ ಎಪ್ಪತ್ತೆರಡು ಮುಗಿಯಿತು. ಬಲಕ್ಕೆ ತಿರುಗಿದಳು. "ಇಲ್ಲೇ."

ಮಷಿನ್ ಹಚ್ಚಿದೆ. ಕೂಗಿತು. ಒಂದೂವರೆ ಮೊಳ ಅಗೆದಾಗ ಸಲಿಕೆಗೆ ಹಂಚಿನ ಚೂರು, ಅದರ ಕೆಳಗೆ ಗಟ್ಟಿಯಾದದ್ದೇನೋ ತಾಗಿತು. ಕೈಯಿಂದ ಮಣ್ಣು ಸರಿಸಿದೆ. ತುಕ್ಕು ತಿಂದು ಎರಡೂ ಅಲಗು ಒಂದಕ್ಕೊಂದು ಅಂಟಿಕೊಂಡ ಕತ್ತರಿ. ನನ್ನ ಜನ್ಮದಲ್ಲಿ ಅಂಥ ವಸ್ತು ಇನ್ನೊಂದು ಸಿಕ್ಕಿಲ್ಲ.

"ಸಿಕ್ತರೀ ಅವ್ವಾ! ತಗೋರಿ" ಅಂತ ಎರಡೂ ಕೈಯಲ್ಲಿ ಎತ್ತಿ ಹಿಡಿದೆ.

ಗುಂಡಮ್ಮ ಅದನ್ನು ನೋಡಿದಳು, ತೆಗೆದುಕೊಳ್ಳಲಿಲ್ಲ. "ಅದು ಶೇವಂತಾಂದು. ಇದ್ದಲ್ಲೇ ಇಡು ತಮ್ಮಾ. ನಂಗ ಜಾಗ ಬೇಕಿತ್ತು."

ಅಗೆಯುವಷ್ಟು ಹೊತ್ತೂ ಕೊಡ ಅವಳ ತಲೆಯ ಮೇಲೇ ಇತ್ತು, ಇಳಿಸಲು ನಾವು ಮುಂದಾದೆವು. ಕಣ್ಣಿನಿಂದಲೇ ಬೇಡ ಅಂದಳು. ತಾನೇ ತಲೆಯಿಂದ ಸೊಂಟಕ್ಕೆ, ಸೊಂಟದಿಂದ ಮೊಣಕಾಲಿಗೆ ಇಳಿಸಿ ಕುಕ್ಕರುಗಾಲಲ್ಲಿ ಕೂತು, ಕತ್ತರಿ ಇಟ್ಟ ಕುಣಿಯ ಬಾಯಿಗೆ ಕೊಡ ಬಾಗಿಸಿದಳು. ಒಮ್ಮೆಲೇ ಸುರಿಯಲಿಲ್ಲ. ಮಕ್ಕಳಿಗೆ ನೆತ್ತಿ ಹತ್ತದ ಹಾಗೆ ಕುಡಿಸುತ್ತಾರಲ್ಲ, ಹಾಗೆ ತಡೆದು ತಡೆದು ಹೊಯ್ದಳು.

"ತಡಾ ಮಾಡೀನಿ ನನ್ನವ್ವಾ" ಅಂದಳು. "ಕುಡಿ. ಸಾವಕಾಶ ಕುಡಿ."

ನನ್ನ ಮಷಿನ್ ಇನ್ನೂ ಕೂಗುತ್ತಲೇ ಇತ್ತು. ಬಂದ್ ಮಾಡಿದೆ.