ಬಾಗಿಲ ಮುಂದಿನ ಬೂಟು

ಟೈಲರ್ ಮಂಚದ ಕೆಳಗೆ ಅರ್ಧ ಮೈ ತೂರಿಸಿ ಬೂಟು ಹುಡುಕುತ್ತಿದ್ದ. ಟ್ರಂಕು ಎಳೆದ, ಕೆಟ್ಟ ಫ್ಯಾನು ಸರಿಸಿದ, ಬಟ್ಟೆ ಚೂರುಗಳ ಗಂಟು ಬಿಚ್ಚಿ ಕೊಡವಿದ. ಬೂಟು ಅಲ್ಲಿಲ್ಲವೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹುಡುಕುತ್ತಿದ್ದ. ಹೊರಗಿನ ಕೋಣೆಯಲ್ಲಿ ಹೆಂಡತಿಯನ್ನು ಮಲಗಿಸಿದ್ದರು. ಅವಳ ಪಕ್ಕ ಕೈಕಟ್ಟಿ ಕೂರುವುದು ಅವನಿಂದ ಆಗುತ್ತಿರಲಿಲ್ಲ.

"ಅಪ್ಪ, ಏನ್ ಮಾಡ್ತಿದೀಯ? ಗಾಡಿ ಬರೋ ಹೊತ್ತಾಯ್ತು." ಮಗಳು ಬಾಗಿಲಲ್ಲಿ ನಿಂತಿದ್ದಳು.

"ಬೂಟು ಹುಡುಕ್ತಿದೀನಿ."

"ಚಪ್ಪಲಿ ಹಾಕ್ಕೊಂಡು ಬಾ, ಯಾರೂ ಏನೂ ಅನ್ನಲ್ಲ."

"ನಿಮ್ಮಮ್ಮನ್ನ ಕಳಿಸೋಕೆ ಈ ಕಿತ್ತೋದ ರಬ್ಬರ್ ಚಪ್ಪಲೀಲಿ ಬರ್ಲಾ?"

"ಬೂಟು ಆಸ್ಪತ್ರೇಲಿದೆ ಅಲ್ವೇನಪ್ಪ," ಎಂದಳು ಮಗಳು, ಮಗುವಿಗೆ ಹೇಳುವ ಹಾಗೆ.

ಹೌದು, ಆಸ್ಪತ್ರೆಯಲ್ಲಿತ್ತು. ಡಾಕ್ಟರ ಕೋಣೆಯ ಬಾಗಿಲ ಮುಂದೆ. ಮಗಳ ಮದುವೆಗೆಂದು ಕೊಂಡ ಕರಿ ಬೂಟು ಅದು. ಒಂದೇ ದಿನ ಹಾಕಿಕೊಂಡದ್ದು, ಸಂಜೆಯೊಳಗೆ ಎರಡೂ ಹಿಮ್ಮಡಿ ಸುಲಿದಿದ್ದವು. ಆಮೇಲೆ ಅದು ಡಾಕ್ಟರ ಬೂಟಾಯಿತು.

*

ಅವನ ಹೆಂಡತಿ ಆ ಸಣ್ಣ ಸರ್ಕಾರಿ ಆಸ್ಪತ್ರೆಯ ನರ್ಸು. ಎಲ್ಲರ ಬಾಯಲ್ಲೂ ಸಿಸ್ಟರ್. ಇದ್ದೊಬ್ಬ ಡಾಕ್ಟರು ವರ್ಗವಾಗಿ ಹೋದಮೇಲೆ ಅವರ ಜಾಗಕ್ಕೆ ಹೊಸಬರು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಮೇಲಿನ ಕಚೇರಿಯವರು ಹೇಳುತ್ತಲೇ ಇದ್ದರು. ಡಾಕ್ಟರು ಬರಲಿಲ್ಲ, ಅವರಿಗೆಂದು ಹೊಸ ಕುರ್ಚಿ ಮಾತ್ರ ಬಂತು. ಆಯಾ ನಿವೃತ್ತಳಾದಳು, ಆ ಜಾಗವೂ ಖಾಲಿ ಬಿತ್ತು. ಔಷಧಿ ಕೊಡುವ ಕಾಂಪೌಂಡರನನ್ನು ಎರಡು ಆಸ್ಪತ್ರೆಗೆ ಹಂಚಿ, ಒಂದು ದಿನ ಇಲ್ಲಿ ಒಂದು ದಿನ ಅಲ್ಲಿ ಎಂದರು. ಉಳಿದವಳು ಸಿಸ್ಟರ್ ಒಬ್ಬಳೇ.

ಜ್ವರ, ಕೆಮ್ಮು, ಗಾಯ ಅವಳ ಕೈಯಲ್ಲಿ ಆಗುತ್ತಿತ್ತು. ಆಗದ್ದನ್ನು ದೊಡ್ಡಾಸ್ಪತ್ರೆಗೆ ಕಳಿಸಬೇಕು. ಕಳಿಸಿದರೆ ಜನ ಹೋಗಬೇಕಲ್ಲ? "ಡಾಕ್ಟ್ರು ಹೇಳಲಿ, ಹೋಗ್ತೀವಿ. ನಿಮ್ಮ ಮಾತು ಕೇಳ್ಕೊಂಡು ಒಂದು ದಿನದ ಕೆಲಸ ಹಾಳು ಮಾಡ್ಕೊಳ್ಳೋಕಾಗುತ್ತಾ?" ಎನ್ನುತ್ತಿದ್ದರು. ಹಾಗೆಂದು ನಗುತ್ತಾ ಎದ್ದು ಹೋದ ಒಬ್ಬ ಗಾರೆಯವನು, ಎದೆನೋವಿನವನು, ಮನೆ ಸೇರಿದವನೇ ಸತ್ತ. ಅವತ್ತು ಸಂಜೆ ಅವಳು ಬಂದು ಹೊಲಿಗೆ ಮಷಿನ್ನಿನ ಪಕ್ಕ ನಿಂತಳು.

"ರೀ, ಒಂದು ಪರದೆ ಹೊಲಿದುಕೊಡಿ. ದಪ್ಪ ಬಟ್ಟೇದು. ನೆಲ ಮುಟ್ಟಬೇಕು."

"ಯಾವ ಕಿಟಕಿಗೆ?"

"ಕಿಟಕಿಗಲ್ಲ. ಡಾಕ್ಟ್ರ ಕೋಣೆ ಬಾಗಿಲಿಗೆ."

"ಇಲ್ಲದೇ ಇರೋ ಡಾಕ್ಟ್ರಿಗೆ ಮರೆ ಯಾಕೆ?"

"ಇದ್ದಾರೆ ಅಂದ್ಕೊಳ್ಳಲಿ ಅಂತ," ಎಂದಳು. "ನಿಮ್ಮ ಆ ಬೂಟೂ ಬೇಕು."

ಟೈಲರ್ ಹಸಿರು ಬಟ್ಟೆ ಹುಡುಕಿ ತಂದು, ಎರಡು ಮಡಿಕೆ ಅಂಚು ಕೊಟ್ಟು ಹೊಲಿದ. ಮರುದಿನದಿಂದ ಡಾಕ್ಟರು ಬಂದರು. ಬಾಗಿಲ ಮುಂದೆ ಬೂಟು, ಒಳಗೆ ಫ್ಯಾನಿನ ಸದ್ದು. ಕಷ್ಟದ ರೋಗಿ ಬಂದರೆ ಸಿಸ್ಟರ್ ಪರದೆ ಸರಿಸಿ ಒಳಗೆ ಹೋಗಿ, ಸ್ವಲ್ಪ ಹೊತ್ತು ನಿಂತು, ಹೊರಗೆ ಬಂದು, "ಡಾಕ್ಟ್ರು ಹೇಳಿದ್ರು, ಈಗಲೇ ದೊಡ್ಡಾಸ್ಪತ್ರೆಗೆ ಹೊರಡಬೇಕಂತೆ" ಎನ್ನುತ್ತಿದ್ದಳು. ಜನ ತೆಪ್ಪಗೆ ಎದ್ದು ಹೊರಡುತ್ತಿದ್ದರು. ಡಾಕ್ಟರು ಎಲ್ಲರಿಗಿಂತ ಮುಂಚೆ ಬರುತ್ತಾರೆ, ಎಲ್ಲರೂ ಹೋದಮೇಲೆ ಹೋಗುತ್ತಾರೆ, ಹೆಚ್ಚು ಮಾತಿಲ್ಲ, ಕೈಗುಣ ಒಳ್ಳೆಯದು ಎಂದು ಹೆಸರೂ ಆಯಿತು. ಯಾರನ್ನೂ ಮುಟ್ಟದ ಕೈಗೆ ಅದೆಂಥ ಗುಣವೋ!

ಮನೆಯಲ್ಲಿ ಅದೊಂದು ತಮಾಷೆಯಾಗಿತ್ತು. "ಏನಂದ ಇವತ್ತು ನಿನ್ನ ಡಾಕ್ಟ್ರು?" ಎಂದು ಟೈಲರ್ ಕೇಳುವುದು. "ತಲೆ ತಿಂದ," ಎಂದು ಅವಳು ನಗುವುದು.

*

ಮುಖ ತೊಳೆದುಕೊಂಡು ಟೈಲರ್ ಹೊರಗೆ ಬಂದಾಗ ಮೆಟ್ಟಿಲ ಮೇಲೆ ಇಬ್ಬರು ಹೆಂಗಸರು ಮಾತಾಡುತ್ತಿದ್ದರು. ಒಬ್ಬಳು ಬೀದಿಯ ಕೊನೆಯ ಇಸ್ತ್ರಿ ಅಂಗಡಿಯವಳು. ಟೈಲರ್ ಹೊಲಿದದ್ದೆಲ್ಲ ಇಸ್ತ್ರಿಗೆ ಅವಳ ಕೈಗೇ ಹೋಗುವುದು. ಇನ್ನೊಬ್ಬಳು ಹಾಲಿನವಳು, ಅವಳ ಸೊಸೆಗೆ ಈಗ ತುಂಬು ತಿಂಗಳು.

"ಇಷ್ಟು ವರ್ಷ ಜೊತೇಲಿ ಕೆಲಸ ಮಾಡಿದ ಹೆಂಗಸು," ಹಾಲಿನವಳು ಹೇಳುತ್ತಿದ್ದಳು. "ಆ ಡಾಕ್ಟ್ರು ಒಂದು ಸಲ ಬಂದು ಮುಖ ನೋಡ್ಬಾರ್ದಾ?"

"ಅವರನ್ನ ಬಯ್ಬೇಡಿ," ಎಂದಳು ಇಸ್ತ್ರಿಯವಳು. "ಕೊನೇವರೆಗೂ ಸಿಸ್ಟರ್ ಹತ್ರ ಇದ್ದೋರು ಅವರೇ. ನಾನು ಅಲ್ಲೇ ಬೆಂಚಲ್ಲಿ ಕೂತಿದ್ದೆ."

ಟೈಲರ್ ಅವಳ ಮುಂದೆ ಹೋಗಿ ನಿಂತ. "ಏನ್ ನಡೀತು ಅಲ್ಲಿ?"

"ನಿಮಗೆ ಯಾರೂ ಹೇಳ್ಲಿಲ್ವಾ ಟೈಲರಣ್ಣ? ಎದೆ ಹಿಡಿದಂಗಾಗ್ತಿದೆ ಅಂದ್ರು ಸಿಸ್ಟರು. ಗೋಡೆ ಹಿಡ್ಕೊಂಡು ಹೋಗಿ ಪರದೆ ಸರಿಸಿ ಒಳಗೆ ಹೋದ್ರು. ಸದ್ಯ, ಡಾಕ್ಟ್ರ ಹತ್ರ ಹೋದ್ರಲ್ಲ ಅಂತ ನಮಗೆಲ್ಲ ಸಮಾಧಾನ ಆಯ್ತು. ಒಂದು ಮಗು ಕಿರುಚ್ತಿತ್ತು, ಹೊರಗೆ ಕರ್ಕೊಂಡು ಹೋಗಮ್ಮ, ಒಳಗೆ ಸಿಸ್ಟರನ್ನ ನೋಡ್ತಿದ್ದಾರೆ ಅಂತ ನಾನೇ ಗದರಿದೆ. ಆಟೋದವನು ಬಂದು ದೊಡ್ಡಾಸ್ಪತ್ರೆಗೆ ಯಾರಾದ್ರೂ ಇದ್ದಾರಾ ಅಂದ. ಯಾರೂ ಇಲ್ಲ ಹೋಗಪ್ಪ ಅಂದೆ."

"ಆಮೇಲೆ?"

"ಆಮೇಲೇನು, ಕೂತಿದ್ವಿ. ಎಲ್ರಿಗೂ ಹೊಟ್ಟೆ ಹಸಿಯೋಕೆ ಶುರುವಾಯ್ತು. ಕೊನೆಗೆ ನಾನೇ ಪರದೆ ಹತ್ರ ಹೋಗಿ ಡಾಕ್ಟ್ರೇ ಅಂದೆ. ಮಾತಿಲ್ಲ. ಸರಿಸಿ ನೋಡಿದ್ರೆ ಸಿಸ್ಟರ್ ನೆಲದ ಮೇಲೆ. ಡಾಕ್ಟ್ರು ಗಾಡಿ ತರೋಕೆ ಹಿಂದಿನ ಬಾಗಿಲಿಂದ ಓಡಿದ್ರು ಅನ್ಸುತ್ತೆ, ಪಾಪ, ಬೂಟು ಸಹ ಹಾಕ್ಕೊಳ್ದೆ."

ಸ್ವಲ್ಪ ಮುಂಚೆ ತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ದೊಡ್ಡಾಸ್ಪತ್ರೆಯವರು ಅಂದಿದ್ದರು. ಎಲ್ಲರಿಗೂ ಹೇಳುವ ಮಾತು ಎಂದು ಟೈಲರ್ ಆಗ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಅದು ಮತ್ತೆ ಕೇಳಿಸಿತು. ಬೆಂಚಿನ ತುಂಬ ಜನ, ಮುಂದೆ ಆಟೋ, ನಡುವೆ ತಾನು ಹೊಲಿದ ಬಟ್ಟೆ.

"ಅಲ್ಲಿ ಯಾವ ಡಾ..." ಎಂದು ಅವನು ಬಾಯಿ ತೆಗೆಯುವಷ್ಟರಲ್ಲಿ ಯಾರೋ ತೋಳು ಹಿಡಿದು ಒಳಕ್ಕೆ ಎಳೆದರು. ಕಾಂಪೌಂಡರ್. ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದ.

"ಹೇಳ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಯಾಕೆ ಹೇಳ್ಬಾರ್ದು? ಇಲ್ಲದೇ ಇರೋನ ಕೈಗುಣ ಹೊಗಳಿಕೊಂಡು ಕೂತಿದ್ದಾರೆ. ಅವಳು ಅಲ್ಲಿ ಒಬ್ಬಳೇ ಬಿದ್ದಿದ್ಲು ಕಣಯ್ಯ!"

"ಹಾಲಿನವಳ ಸೊಸೆ ಇದ್ದಾಳಲ್ಲ, ಅವಳ ಕಾಲು ಮುಖ ಎಲ್ಲ ಊದ್ಕೊಂಡಿದೆ. ಮನೇಲೇ ಹೆರಿಗೆ ಅಂತ ಅತ್ತೆ ಹಟ ಹಿಡಿದಿದ್ಲು. ಡಾಕ್ಟ್ರು ಹೇಳಿದ್ರು ಅಂತ ಸಿಸ್ಟರ್ ಹೇಳಿ ಹೇಳಿ, ದೊಡ್ಡಾಸ್ಪತ್ರೆಗೆ ಈಗಷ್ಟೇ ಒಪ್ಪಿದಾಳೆ. ಡಾಕ್ಟ್ರೇ ಇರ್ಲಿಲ್ಲ ಅಂತ ಗೊತ್ತಾದ್ರೆ ಆ ಹುಡುಗಿ ಕತೆ ಮುಗೀತು."

ಮಗಳು ಒಲೆಯ ಪಕ್ಕದಲ್ಲೇ ನಿಂತಿದ್ದಳು. "ಹಾಗಾದ್ರೆ ಅಮ್ಮ ಸತ್ತಿದ್ದು ಹೇಗೆ ಅಂತ ಯಾರಿಗೂ ಗೊತ್ತಾಗ್ಬಾರ್ದಾ?" ಎಂದಳು. "ನೀವು ನಿನ್ನೆ ಎಲ್ಲಿದ್ರಿ?"

"ಆ ಕಡೆ ಆಸ್ಪತ್ರೇಲಿ ನನ್ನ ಸರದಿ ಇತ್ತಮ್ಮ," ಎಂದು ಕಾಂಪೌಂಡರ್ ತಲೆ ತಗ್ಗಿಸಿದ.

ಹೊರಗೆ ಗಾಡಿ ಹಾರ್ನ್ ಹಾಕಿತು.

*

ಮೊನ್ನೆ ಮೊನ್ನೆ ಅವಳು ಬಟ್ಟೆ ಒಣಹಾಕುತ್ತಾ ಒಂದು ಮಾತು ಹೇಳಿದ್ದಳು.

"ಒಂದೊಂದ್ಸಲ ನನಗೂ ಒಳಗೆ ಯಾರೋ ಇದ್ದಾರೆ ಅನ್ಸುತ್ತೆ ರೀ. ಕೈಕಾಲು ಬಿದ್ದುಹೋದಂಗಾದಾಗ ಆ ಪರದೆ ಹಿಂದೆ ಹೋಗಿ ನಿಂತ್ರೆ ಧೈರ್ಯ ಬರುತ್ತೆ."

"ನಿನ್ನ ಸುಳ್ಳನ್ನ ನೀನೇ ನಂಬೋಕೆ ಶುರು ಮಾಡಿದ್ಯಾ? ಸಾಕು, ತೆಗೆದುಹಾಕು ಅದನ್ನ."

"ನಿಜವಾದೋರು ಬಂದ ದಿನ ತೆಗೀತೀನಿ," ಎಂದಳು. ಆಮೇಲೆ ಅವನ ಅಂಗಿಯ ತೋಳನ್ನು ಕೊಡವಿ, ತಂತಿಗೆ ಹಾಕಿ, ಕ್ಲಿಪ್ಪು ಸಿಕ್ಕಿಸಿದಳು.

*

ಮಣ್ಣು ಹಾಕುವಾಗ ಟೈಲರಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಬೆಂಚಿನಲ್ಲಿ ಕೂತವರ ಮೇಲೋ, ಮೇಲಿನ ಕಚೇರಿಯ ಮೇಲೋ, ಅವಳ ಮೇಲೋ. ಪರದೆ ಹೊಲಿದ ತನ್ನ ಕೈಯನ್ನು ಅವನು ಪ್ಯಾಂಟಿಗೆ ಒರೆಸಿಕೊಳ್ಳುತ್ತಲೇ ಇದ್ದ.

ವಾಪಸು ಹೊರಡುವಾಗ ಹಾಲಿನವಳು ಹತ್ತಿರ ಬಂದಳು.

"ಸೊಸೇನ ದೊಡ್ಡಾಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ ಅಂದಿದ್ರು ಸಿಸ್ಟರು. ಅವರೇ ಹೋದ್ರಲ್ಲ. ಅಲ್ಲಿ ನಮಗೆ ಯಾರು ಗೊತ್ತು, ಯಾರು ಕೇಳ್ತಾರೆ? ನಾಲ್ಕು ಮಕ್ಕಳನ್ನ ನಾನು ಮನೇಲೇ ಹೆತ್ತೆ. ಇವಳೂ ಹೆರ್ತಾಳೆ ಬಿಡಿ."

ಕಾಂಪೌಂಡರ್ ಟೈಲರನ ಮುಖ ನೋಡಿದ. ಮಗಳೂ ನೋಡಿದಳು. ಒಂದೇ ಒಂದು ಮಾತು ಸಾಕಿತ್ತು, ಅವನ ಎದೆಯ ಭಾರ ಅಲ್ಲೇ ಇಳಿಯುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು.

"ಇವತ್ತೇ ಹೋಗ್ಬೇಕಂತೆ," ಎಂದ ಟೈಲರ್. ಅವನ ದನಿ ಅವನಿಗೇ ಬೇರೆಯವರದ್ದೆನಿಸಿತು. "ಡಾಕ್ಟ್ರು ಹೇಳಿದ್ರು."

"ನಿಮ್ಮ ಹತ್ರ ಹೇಳಿದ್ರಾ?"

"ಹೂಂ. ತಡ ಮಾಡಿದ್ರೆ ಎರಡು ಜೀವಕ್ಕೂ ಅಪಾಯ ಅಂದ್ರು."

ಹಾಲಿನವಳು ಎರಡನೇ ಮಾತಾಡಲಿಲ್ಲ. ಮಗಳು ಕಣ್ಣೊರೆಸಿಕೊಂಡು, "ನಡೀರಿ, ನಾನು ಜೊತೇಲಿ ಬರ್ತೀನಿ" ಎಂದಳು. ಮನೆಗೆ ಹೋಗಿ ಸೊಸೆಯನ್ನು ಆಟೋಗೆ ಹತ್ತಿಸಿದರು. ಹುಡುಗಿಯ ಕಾಲಿಗೆ ಚಪ್ಪಲಿಯೇ ಹಿಡಿಸುತ್ತಿರಲಿಲ್ಲ, ಅಷ್ಟು ಊದಿತ್ತು. ಆಟೋ ತಿರುವು ದಾಟಿ ಮರೆಯಾಗುವವರೆಗೂ ಟೈಲರ್ ರಸ್ತೆಯಲ್ಲೇ ನಿಂತಿದ್ದ.

ಆಮೇಲೆ ಅವನು ಮನೆಯ ಕಡೆ ಹೋಗದೆ ಆಸ್ಪತ್ರೆಯ ಕಡೆ ತಿರುಗಿದ. ಕಾಂಪೌಂಡರ್ ಹಿಂದೆ ಓಡಿ ಬಂದ. ಇಸ್ತ್ರಿಯವಳೂ ಬಂದಳು; ಈ ಹೊತ್ತಿನಲ್ಲಿ ಮನುಷ್ಯನನ್ನು ಒಬ್ಬನೇ ಬಿಡಬಾರದು ಎಂಬುದು ಅವಳ ಲೆಕ್ಕ.

ಬೆಳಿಗ್ಗೆ ಕಾಂಪೌಂಡರ್ ಬೀಗ ತೆಗೆದು, ಮಾತ್ರೆ ಕೊಟ್ಟು, ಬಾಗಿಲು ಹಾಕುವುದನ್ನು ಮರೆತು ಸಾವಿನ ಮನೆಗೆ ಬಂದಿದ್ದ. ಈಗ ಬೆಂಚು ಭರ್ತಿಯಾಗಿತ್ತು. ಗೋಡೆಗೆ ಒರಗಿ ನಿಂತವರೂ ಇದ್ದರು. ಒಬ್ಬ ಮುದುಕ ಕುತ್ತಿಗೆ ಮುಂದೆ ಚಾಚಿ, ಬಾಯಿ ತೆರೆದುಕೊಂಡು ಉಸಿರೆಳೆಯುತ್ತಿದ್ದ.

"ಯಾರಿಗೆ ಕಾಯ್ತಿದೀರಿ?" ಟೈಲರ್ ಕೇಳಿದ.

"ಡಾಕ್ಟ್ರಿಗೆ," ಎಂದಳು ಮುದುಕನ ಪಕ್ಕದ ಹೆಂಗಸು, ದನಿ ತಗ್ಗಿಸಿ. "ಬೂಟು ಇದೆಯಲ್ಲ, ಒಳಗಿದ್ದಾರೆ. ಸಿಸ್ಟರು ಹೋದ ದುಃಖದಲ್ಲಿರ್ತಾರೆ, ಕರೆಯೋದು ಬೇಡ ಅಂತ ಸುಮ್ಮನಿದೀವಿ. ಅವರಾಗೇ ಕರೀತಾರೆ."

ಟೈಲರ್ ಮುದುಕನ ತುಟಿ ನೋಡಿದ. ನೀಲಿಗಟ್ಟಿತ್ತು.

"ಬೇಡ," ಎಂದು ಕಾಂಪೌಂಡರ್ ಪಿಸುಗುಟ್ಟಿದ. ಆದರೆ ಈ ಸಲ ತೋಳು ಹಿಡಿಯಲಿಲ್ಲ.

ಟೈಲರ್ ಎರಡೂ ಕೈಯಿಂದ ಪರದೆ ಹಿಡಿದು ಜಗ್ಗಿದ. ಅವನೇ ಹಾಕಿದ ಹೊಲಿಗೆ, ಬಿಡಲಿಲ್ಲ. ಮೇಲಿನ ಕಂಬಿಯೇ ಕಿತ್ತುಬಂತು. ಒಳಗೆ ಸಂಜೆಯ ಬೆಳಕು ಬಿದ್ದಿತ್ತು. ಮೇಜಿನ ಮೇಲೆ ಸಿಸ್ಟರ್ ತಂದಿದ್ದ ಊಟದ ಡಬ್ಬಿ, ಮುಚ್ಚಳ ತೆಗೆಯದ್ದು. ಮೇಜಿನ ಆಚೆ ಕುರ್ಚಿ. ಕುರ್ಚಿಗೆ ಅಂಗಡಿಯಿಂದ ಬಂದಾಗಿನ ಪ್ಲಾಸ್ಟಿಕ್ಕು ಹಾಗೇ ಇತ್ತು, ಅದರ ಮೇಲೆ ಬೆರಳಲ್ಲಿ ಬರೆಯುವಷ್ಟು ಧೂಳು.

ಜನ ಇಣುಕಿ ನೋಡಿದರು.

"ಎಲ್ಲಿ ಹೋದ್ರು ಡಾಕ್ಟ್ರು?"

"ಡಾಕ್ಟ್ರು ಬರಲೇ ಇಲ್ಲ," ಎಂದ ಟೈಲರ್. "ಯಾವತ್ತೂ. ನಿಮಗೆ ಇಷ್ಟು ದಿನ ಹೇಳ್ತಿದ್ದದ್ದು ಅವಳೇ. ಬೂಟು ನನ್ನದು."

"ಅಂದ್ರೆ ಸಿಸ್ಟರು ನಮಗೆ ಮೋಸ ಮಾಡಿದ್ರಾ?" ಎಂದ ಗೋಡೆಗೆ ಒರಗಿದ್ದವನೊಬ್ಬ.

"ಮಾಡಿದ್ಲು. ಈಗ ಆ ಅಜ್ಜನ್ನ ಎಬ್ಬಿಸಿ, ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ. ನಾನು ಬಟ್ಟೆ ಹೊಲಿಯೋನು. ನಾನು ಹೇಳ್ತಿದೀನಿ, ಡಾಕ್ಟ್ರಲ್ಲ."

ಯಾರೂ ಅಲುಗಲಿಲ್ಲ. ಎಲ್ಲರೂ ಮುದುಕನ ಕಡೆ ನೋಡಿದರು, ಮುದುಕ ಖಾಲಿ ಕುರ್ಚಿಯ ಕಡೆ ನೋಡಿದ. ಕೊನೆಗೆ ಪಕ್ಕದ ಹೆಂಗಸು ಅವನ ಕಂಕುಳಿಗೆ ಕೈಹಾಕಿ ಎತ್ತಿದಳು. ಕಾಂಪೌಂಡರ್ ಇನ್ನೊಂದು ಕಡೆ ಹಿಡಿದು, "ಆಟೋ, ಆಟೋ" ಎಂದು ಕೂಗುತ್ತಾ ಅವರನ್ನು ಹೊರಗೆ ಕರೆದುಕೊಂಡು ಹೋದ. ಗೋಡೆಗೆ ಒರಗಿದ್ದವನು ಏನೋ ಬಯ್ಯುತ್ತಾ ಹೋದ. ಒಬ್ಬೊಬ್ಬರಾಗಿ ಬೆಂಚು ಖಾಲಿಯಾಯಿತು.

ಟೈಲರ್ ಬೂಟಿನೊಳಗೆ ಕಾಲು ತೂರಿಸಿದ. ಅದು ಇವತ್ತಿಗೂ ಹಿಮ್ಮಡಿ ಒತ್ತುತ್ತಿತ್ತು.

ಇಸ್ತ್ರಿಯವಳು ನೆಲದ ಮೇಲೆ ಬಿದ್ದಿದ್ದ ಪರದೆ ಎತ್ತಿಕೊಂಡಳು. ಬಟ್ಟೆ ಮುದ್ದೆಯಾಗಿ ಬಿದ್ದದ್ದನ್ನು ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಕಂಬಿ ಬಿಡಿಸಿ, ಧೂಳು ಕೊಡವಿ, ಎರಡು ತುದಿ ತಾನು ಹಿಡಿದು ಇನ್ನೆರಡನ್ನು ಟೈಲರನ ಕಡೆ ಚಾಚಿದಳು. ಅವನು ಹಿಡಿದ. ಇಬ್ಬರೂ ಹಿಂದೆ ಸರಿದು ಬಟ್ಟೆಯನ್ನು ಬಿಗಿಯಾಗಿ ಎಳೆದರು, ಅಂಚಿಗೆ ಅಂಚು ಕೂಡಿಸಿದರು, ಮತ್ತೆ ಎಳೆದರು. ಆಮೇಲೆ ಅವಳು ತನ್ನ ತುದಿಯನ್ನು ಅವನ ಕೈಗೆ ಕೊಡಲು ಮುಂದೆ ಬಂದಳು.

ಬಂದವಳು ಅಲ್ಲೇ ನಿಂತಳು. ಅವಳ ಕಣ್ಣು ಅವನ ಭುಜದ ಮೇಲಿಂದ ಒಳಗೆ ಹೋಗಿ ನೆಲದ ಮೇಲೆ ನಿಂತಿತ್ತು.

"ಟೈಲರಣ್ಣ," ಎಂದಳು. "ಹಾಗಾದ್ರೆ ನಿನ್ನೆ... ನಾವು ಹೊರಗೆ ಕೂತಿದ್ದಾಗ..."

ಅವನು ಮಡಿಕೆ ತೆಗೆದುಕೊಳ್ಳಲು ಕೈ ಚಾಚಿದ. ಅವಳು ಕೊಡಲಿಲ್ಲ. ಅಂಚನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು, ದಿನವಿಡೀ ಗೆರೆ ತೀಡಿ ಕೂರಿಸುವ ಆ ಕೈಗಳಲ್ಲಿ ಬಟ್ಟೆ ಸುಕ್ಕುಗಟ್ಟುತ್ತಾ ಹೋಯಿತು.