ಮರುಳಸಿದ್ದಪ್ಪನ ಸಾವಿನ ಸುದ್ದಿ

ಸಖರಾಯಪಟ್ಟಣದಲ್ಲಿ ಬಸ್ಸಿಳಿದ ರಾಜಶೇಖರ್ ನೇರವಾಗಿ ತೀರ್ಥಮ್ಮನ ಮನೆಗೆ ಹೋಗಲಿಲ್ಲ. ಹೋಟೆಲಿನಲ್ಲಿ ಕೂತು ಎರಡು ಟೀ ಕುಡಿದ. ಸರ್ವೆ ಇಲಾಖೆಯಿಂದ ನಿವೃತ್ತನಾದ ಮೇಲೆ ಎರಡು ವರ್ಷ ಅರ್ಜಿ ಬರೆದು ಬರೆದು ತರಿಸಿಕೊಂಡ ನಾಲ್ಕು ಹಾಳೆಗಳು ಅವನ ಕೈಚೀಲದಲ್ಲಿದ್ದವು. ತರಿಸು ಎಂದು ಬೆನ್ನು ಹತ್ತಿದವಳು ತೀರ್ಥಮ್ಮನೇ.

ತೀರ್ಥಮ್ಮನ ತಾಯಿಯ ತಂದೆ ಮರುಳಸಿದ್ದಪ್ಪ. ರಾಜಶೇಖರನ ತಾತ ರೇವಣಪ್ಪನಿಗೆ ಒಡಹುಟ್ಟಿದ ಅಣ್ಣ. ಸಿಂಗಟಗೆರೆಯವರು. 1908ರಲ್ಲಿ ಹೋರಿ ತರಲು ಹೊಸಪೇಟೆ ಸಂತೆಗೆ ಹೋದ ಮರುಳಸಿದ್ದಪ್ಪ ಜಗಳದಲ್ಲಿ ಗಾಡಿಯ ಗೂಟ ಕಿತ್ತು ಒಬ್ಬನಿಗೆ ಹೊಡೆದ. ಆತ ಸತ್ತ. ಬಳ್ಳಾರಿಯಲ್ಲಿ ಕರಿನೀರ ಶಿಕ್ಷೆಯಾಯಿತು. ಹಡಗು ಹತ್ತಿಸುವ ಮುಂಚೆ ಜೈಲಿನವರು ಅವನ ಕೊರಳಿನ ಬೆಳ್ಳಿಯ ಕರಡಿಗೆ ಬಿಚ್ಚಿಸಿ, ಒಳಗಿದ್ದ ಇಷ್ಟಲಿಂಗದ ಸಮೇತ ಊರಿಗೆ ಕಳಿಸಿಬಿಟ್ಟರು. ಲಿಂಗ ಮೈಬಿಟ್ಟು ಬಂತೆಂದರೆ ಮನುಷ್ಯ ಹೋದ ಎಂದೇ ಮನೆಯವರು ತಿಳಿದರು. ಅದನ್ನೇ ಹೊಲದಲ್ಲಿ ಹೂಳಿ ಗದ್ದುಗೆ ಕಟ್ಟಿದರು. ಹತ್ತೊಂಬತ್ತರ ಹೆಂಡತಿ ಮಲ್ಲಿಕಾಂಬಳ ಬಳೆ ತೆಗೆಸಿದರು.

ಮಗಳು ಗೌರಮ್ಮನಿಗೆ ಹದಿಮೂರಾಗಿದ್ದಾಗ ಕಡೂರಿನಿಂದ ಅಮಲ್ದಾರರ ಪೇದೆಯೊಬ್ಬ ಕಾಗದ ಹಿಡಿದು ಬಂದ. ಅಪ್ಪನ ಹೆಸರು ಕಿವಿಗೆ ಬಿದ್ದು ಬಾಗಿಲಿಗೆ ಓಡಿಬಂದವಳನ್ನು ಚಿಕ್ಕಪ್ಪ ರೇವಣಪ್ಪ ಒಳಗೆ ಅಟ್ಟಿದ. ಆ ಕಾಗದದಲ್ಲಿ ಏನಿತ್ತು ಎಂದು ಕೇಳುತ್ತ ಕೇಳುತ್ತಲೇ ಗೌರಮ್ಮ ಸತ್ತಳು. ಈಗ ಎಂಬತ್ಮೂರರ ತೀರ್ಥಮ್ಮನೂ ಅದನ್ನೇ ಕೇಳುತ್ತಿದ್ದಳು.

“ಬಾರಪ್ಪಾ ದೊಡ್ಡ ಮನುಷ್ಯಾ! ಬಸ್ ಬಂದು ಅರ್ಧ ಗಂಟೆ ಆಯ್ತು. ದಾರೀನ ಸರ್ವೆ ಮಾಡ್ಕಂಡ್ ಬಂದ್ಯಾ?”

ಜಗಲಿಯ ಮೇಲೆ ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಒಳಗೆ ಒಲೆಯ ಮೇಲೆ ಎಸರು ಇಟ್ಟಿತ್ತು. ರಾಜಶೇಖರ್ ಮೊದಲ ಹಾಳೆ ಓದಿದ: ಹೆಸರು, ಊರು, ಮದರಾಸಿನಿಂದ ಹೊರಟ ಹಡಗು. ಎರಡನೆಯದರಲ್ಲಿ ಅಂಡಮಾನಿನಲ್ಲಿ ಮಾಡಿದ ಕೆಲಸ. ಮೊದಲು ಮರ ಕಡಿಯುವುದು, ಆಮೇಲೆ ಸರ್ಕಾರಿ ದನ ನೋಡಿಕೊಳ್ಳುವುದು.

“ಅಂದ್ರೆ ಹಡಗಲ್ಲಿ ಸಾಯ್ಲಿಲ್ವಾ ನಮ್ ತಾತ?” ಅವಳ ಕೈ ನಿಂತಿತು. “ಅಲ್ಲೂ ದನಾನೇ ಕಾದ್ನಾ!”

“ಇಷ್ಟೇ ಅಕ್ಕ.”

“ಚೀಲ್ದಾಗೆ ಇನ್ನೂ ಐತಲ್ಲೋ. ನನ್ ಕಣ್ಣು ಮಂಜಾಗೈತೆ, ಕುರುಡಾಗಿಲ್ಲ.”

ಮೂರನೆಯ ಹಾಳೆ ಹೊರಗೆ ಬಂತು. 1920. ಖೈದಿಯ ನಡತೆ ಚೆನ್ನಾಗಿದೆ, ಬಿಡಬಹುದು; ಮನೆಯವರು ಸೇರಿಸಿಕೊಳ್ಳುತ್ತಾರೆಯೇ ಎಂದು ವಿಚಾರಿಸಿ ತಿಳಿಸಿ ಎಂದು ಕಡೂರಿನ ಅಮಲ್ದಾರರಿಗೆ ಬರೆದದ್ದು. ಕೆಳಗೆ ಉತ್ತರ. ರಾಜಶೇಖರ್ ತಲೆ ಎತ್ತದೆ ಓದಿದ:

“ಮರುಳಸಿದ್ದಪ್ಪನ ಲಿಂಗ ಭೂಮಿಗೆ ಹೋಗಿದೆ. ಗದ್ದುಗೆ ಇದೆ. ಸತ್ತವನನ್ನು ಮನೆಗೆ ಸೇರಿಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಇಲ್ಲ.”

“ಯಾರು ಬರ್ದಿದ್ದು?”

“ನಮ್ ತಾತ. ಅವ್ರದೇ ರುಜು.”

ತೀರ್ಥಮ್ಮ ಮಡಿಲಲ್ಲಿದ್ದ ಕಾಳನ್ನು ಮೊರಕ್ಕೆ ಸುರಿದಳು. ಮೊರವನ್ನು ಪಕ್ಕಕ್ಕೆ ಸರಿಸಿ ಕೇಳಿದಳು, “ಇದ್ನ ಅಲ್ಲಿ ಅವ್ರಿಗೆ ಓದಿ ಹೇಳಿದ್ರೇನೋ?”

ಗೊತ್ತಿಲ್ಲ ಎನ್ನಬಹುದಿತ್ತು. ಹಾಳೆಯ ಅಂಚಿನಲ್ಲಿ, ಖೈದಿಗೆ ತಿಳಿಸಿದ್ದೇವೆ ಎಂಬ ಷರಾ ಇತ್ತು.

“ಹೇಳವ್ರೆ ಅಕ್ಕ.”

ನಾಲ್ಕನೆಯದನ್ನು ಅವಳು ಕೇಳುವ ಮೊದಲೇ ಓದಿದ. 1931, ಜ್ವರದಿಂದ ಆಸ್ಪತ್ರೆಯಲ್ಲಿ ಮರಣ. ಸಂಬಂಧಿಕರು: ಹೆಂಡತಿ ಒಬ್ಬಳು, ಮಗಳು ಒಬ್ಬಳು, ಸಿಂಗಟಗೆರೆ.

“ಹಂಗಾದ್ರೆ ನಮ್ಮಜ್ಜಿ ಇಪ್ಪತ್ ಮೂರು ವರ್ಷ ಮುತ್ತೈದೆ ಕಣೋ,” ಎಂದಳು ತೀರ್ಥಮ್ಮ. “ಬರೀಗೈಲಿ ಓಡಾಡ್ತಿದ್ಲು.”

ರಾಜಶೇಖರನನ್ನು ಅವಳು ಬೈಯಲಿಲ್ಲ. ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಸೌದೆ ಎಳೆದು ನೀರು ಹಾಕಿದ ಸದ್ದು ಕೇಳಿತು. ಹೊಗೆ ಬಾಗಿಲಿನವರೆಗೂ ಬಂತು. ಹಿಂದಿರುಗಿ ಬಂದವಳು ಜಗಲಿಯ ಮೇಲಲ್ಲ, ಬರಿ ನೆಲದ ಮೇಲೆ ಕೂತಳು.

ಎದುರುಮನೆಯ ಹನುಮಂತಮ್ಮ ಹೊಗೆ ಕಂಡು ಬಂದಳು. “ಏನ್ ತೀರ್ಥಕ್ಕಾ, ಅಡಿಗೆ ಹೊತ್ನಲ್ಲಿ ಒಲೆ ಆರಿಸ್ಬಿಟ್ಟಿದೀಯ?”

“ನಮ್ ತಾತ ಹೋಗ್ಬಿಟ್ರು ಕಣೇ.”

“ತಾತನಾ? ನಿಂಗೇ ಎಂಬತ್ತು ದಾಟೈತಲ್ಲ…” ಎಂದವಳು ತೀರ್ಥಮ್ಮನ ಮುಖ ನೋಡಿದಳು. ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು. ಆಮೇಲೆ ಕಂಬಕ್ಕೆ ಒರಗಿ ನಿಂತಿದ್ದ ರಾಜಶೇಖರನತ್ತ ತಿರುಗಿ ಮೆಲ್ಲಗೆ ಕೇಳಿದಳು, “ಹೋದೋರು ನಿಮಗೇನಾಗ್ಬೇಕು ಸ್ವಾಮಿ?”

ಅವನು ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕತೊಡಗಿದ.

“ಅವ್ನ ಮನೆಯೋರೇ ಕಣೇ,” ಎಂದಳು ತೀರ್ಥಮ್ಮ. “ಸುದ್ದಿ ಹೇಳಾಕೆ ಬಂದವ್ನೆ, ಪಾಪ.” ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಅಳತೊಡಗಿದಳು.